1940ರ ಫೋರ್ಡ್ ಕೂಪೆ: ಒಳಗಿನ ಸಾಮಾನೂ ಫೋರ್ಡ್‌ನದ್ದೇ ಬೇಕು, ಸಲಹೆ ಕೊಡಿ

ಮಲ್ನಾಡ್_ಮಿಶಿಗನ್ | ಜನವರಿ 11

ಎಲ್ಲರಿಗೂ ನಮಸ್ಕಾರ. ನನ್ನೂರು ಕೊಪ್ಪ, ಈಗ ಇರುವುದು ಮಿಶಿಗನ್‌ನ ಡಿಯರ್‌ಬೋರ್ನ್ ಹತ್ತಿರ. ಅಕ್ಟೋಬರಿನಲ್ಲಿ ಒಂದು 1940ರ ಫೋರ್ಡ್ ಡೀಲಕ್ಸ್ ಕೂಪೆ (ಎರಡು ಬಾಗಿಲಿನ ಕಾರು) ಮನೆಗೆ ತಂದೆ. ಎಂಜಿನ್ ಇಲ್ಲ, ಗೇರ್‌ಬಾಕ್ಸ್ ಇಲ್ಲ. ನೆಲದ ತಗಡು, ಡಿಕ್ಕಿಯ ಎರಡು ಮೂಲೆ ತುಕ್ಕು ಹಿಡಿದಿವೆ. ಉಳಿದ ಬಾಡಿ ಗಟ್ಟಿ. ಬಾಗಿಲನ್ನು ಒಂದು ಬೆರಳಲ್ಲಿ ತಳ್ಳಿದರೆ ಈಗಲೂ ಕ್ಲಿಕ್ ಅಂತ ಕೂರುತ್ತದೆ.

ಹಿಂದೆ ಯಾರೋ ಇದಕ್ಕೆ ಶೆವ್ರೊಲೆ 350 ಎಂಜಿನ್ ಹಾಕಲು ಹೊರಟಿದ್ದರು. ಚಾಸಿಗೆ ಎಂಜಿನ್ ಕೂರಿಸುವ ಬ್ರಾಕೆಟ್ ವೆಲ್ಡ್ ಮಾಡಿ, ಅರ್ಧಕ್ಕೆ ಬಿಟ್ಟಿದ್ದಾರೆ. ಹಾಗಾಗಿ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಯನ್ನು ನಾನು ಕತ್ತರಿಸುತ್ತಿಲ್ಲ. ಅದಾಗಲೇ ಆಗಿಹೋಗಿದೆ.

ನನ್ನ ಆಸೆ ಇಷ್ಟು. ಹೊರಗೆ 1940ರ ಹಾಗೇ ಕಾಣಬೇಕು. ಒಳಗೆ ಈಗಿನ ಹೈವೇಗೆ ತಕ್ಕ ಎಂಜಿನ್, ಬ್ರೇಕ್, ಸ್ಟೀರಿಂಗ್ ಇರಬೇಕು. 1948 ಅಥವಾ ಅದಕ್ಕಿಂತ ಹಳೆಯ ಗಾಡಿಯನ್ನು ಹೀಗೆ ಮಾಡಿಕೊಂಡರೆ ಇಲ್ಲಿ ಸ್ಟ್ರೀಟ್ ರಾಡ್ ಅನ್ನುತ್ತಾರೆ. ಹಾಕುವ ಸಾಮಾನೆಲ್ಲ ಫೋರ್ಡ್‌ನದ್ದೇ ಆಗಬೇಕು ಅನ್ನುವುದು ನನ್ನ ಹಟ. ದಿನಾ ಕೆಲಸಕ್ಕೆ ಹೋಗುವಾಗ ಫೋರ್ಡ್‌ನ ರೂಜ್ ಕಾರ್ಖಾನೆ ದಾಟಿಯೇ ಹೋಗುತ್ತೇನೆ. ಅದರ ಮುಂದೆ ಈ ಗಾಡಿ ಓಡಿಸುವಾಗ ಬಾನೆಟ್ ಕೆಳಗೆ ಬೇರೆ ಮನೆಯ ಎಂಜಿನ್ ಇರುವುದು ನನಗೆ ಇಷ್ಟವಿಲ್ಲ. ಸಾಧ್ಯವಾದರೆ ಮುಂದಿನ ವರ್ಷ ಆಗಸ್ಟಿನಲ್ಲಿ ಇಲ್ಲಿ ನಡೆಯುವ ಹಳೇ ಕಾರುಗಳ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗಬೇಕು.

ಎಲ್ಲಿಂದ ಶುರು ಮಾಡಲಿ?

ಓಹಾಯೋ_ಫ್ಲಾಟ್‌ಹೆಡ್ | ಜನವರಿ 11

ಮೊದಲು ಅಭಿನಂದನೆ. 1940ರ ಮೂತಿಯಷ್ಟು ಚೆಂದದ ಮೂತಿ ಫೋರ್ಡ್‌ಗೆ ಮತ್ತೆ ಬರಲಿಲ್ಲ ಅನ್ನುವವನು ನಾನು. ಬಾಬ್ ಗ್ರೆಗರಿ ವಿನ್ಯಾಸ ಅದು.

ಆದರೆ ಒಂದು ಪ್ರಶ್ನೆ. ಫೋರ್ಡ್‌ನ ಹಳೇ ಫ್ಲಾಟ್‌ಹೆಡ್ ವಿ8 (ವಾಲ್ವ್ ಹೆಡ್ಡಿನಲ್ಲಿ ಅಲ್ಲ, ಬ್ಲಾಕಿನಲ್ಲೇ ಇರುವ ಎಂಟು ಸಿಲಿಂಡರ್ ಎಂಜಿನ್) ಯಾಕೆ ಬೇಡ? ಆ ಗಾಡಿ ಹುಟ್ಟಿದ್ದೇ ಅದರ ಜೊತೆ. 221 ಘನ ಇಂಚು, 85 ಎಚ್‌ಪಿ. ಶಕ್ತಿ ಸಾಲದು ಅಂದರೆ 1949ರಿಂದ 53ರ ನಡುವಿನ ಬ್ಲಾಕ್ ಹುಡುಕಿ. ಅದಕ್ಕೆ ಅದೇ ಕಾಲದ ಮರ್ಕ್ಯುರಿಯ (ಫೋರ್ಡ್ ಕಂಪನಿಯದ್ದೇ ಇನ್ನೊಂದು ಹೆಸರಿನ ಕಾರು) 4 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಹಾಕಿ. ಬೋರ್ 3 5/16 ಇಂಚಿಗೆ ತಂದರೆ 276 ಘನ ಇಂಚು ಸಿಗುತ್ತದೆ. ನನ್ನ ಗಾಡಿಯಲ್ಲಿ ಇರುವುದು ಅದೇ. ಆ ಸದ್ದು ಬೇರೆ ಯಾವ ಎಂಜಿನ್ನಿಂದಲೂ ಬರುವುದಿಲ್ಲ.

ಕಷ್ಟವನ್ನೂ ಹೇಳುತ್ತೇನೆ. ಈ ಎಂಜಿನ್ನಿನಲ್ಲಿ ಹೊಗೆ ಬ್ಲಾಕಿನ ಒಳಗಿಂದಲೇ ಸುತ್ತಿಕೊಂಡು ಹೊರಗೆ ಹೋಗುತ್ತದೆ. ಅದರ ಬಿಸಿ ಪೂರ್ತಿ ನೀರಿಗೆ. ಹಾಗಾಗಿ ಬೇಗ ಕಾಯುತ್ತದೆ. ವಾಲ್ವ್ ಸೀಟಿನ ಹತ್ತಿರ ಬಿರುಕು ಬಿಟ್ಟ ಬ್ಲಾಕ್‌ಗಳೇ ಜಾಸ್ತಿ. ನಾನು ಮೂರು ಬ್ಲಾಕ್ ತಂದು ಪರೀಕ್ಷೆ ಮಾಡಿಸಿದ ಮೇಲೆ ಒಂದು ಚೆನ್ನಾಗಿರುವುದು ಸಿಕ್ಕಿತು.

ಮಲ್ನಾಡ್_ಮಿಶಿಗನ್ | ಜನವರಿ 12

ಫ್ಲಾಟ್‌ಹೆಡ್ ಬಗ್ಗೆ ನನಗೆ ಗೌರವ ಇದೆ ಸರ್. ಬೇರೆ ಗಾಡಿಯಾಗಿದ್ದರೆ ಅದನ್ನೇ ಹಾಕುತ್ತಿದ್ದೆ. ಆದರೆ ಮನೆಯವಳಿಗೆ, ಮಕ್ಕಳಿಗೆ ಕೆಂಟಕಿಯ ಲೂಯಿವಿಲ್ ತನಕ ಇದರಲ್ಲೇ ಹೋಗುವ ಆಸೆ. ಆಗಸ್ಟ್ ಬಿಸಿಲು, ಎಸಿ ಬೇಕು. ಫೋರ್ಡ್‌ನ 302 (302 ಘನ ಇಂಚಿನ ವಿ8) ಹಾಕೋಣ ಅಂತ ಇದ್ದೇನೆ.

ಹುಬ್ಬಳ್ಳಿ_ಬೋಲ್ಟು | ಜನವರಿ 12

ನಾನು ಹುಬ್ಬಳ್ಳಿಯಲ್ಲಿ ಬ್ರೇಕ್ ಕೆಲಸ ಮಾಡುವವನು. ಅಮೆರಿಕದ ಹಳೇ ಗಾಡಿಗಳ ವಿಡಿಯೋ ಬಹಳ ನೋಡ್ತೀನಿ. ಒಂದು ಸಂಶಯ ಐತಿ ನೋಡ್ರಿ. ಹಳೇ ಫೋರ್ಡ್‌ಗೆಲ್ಲ ಅಲ್ಲಿ ಶೆವ್ರೊಲೆ ಎಂಜಿನ್ನೇ ಯಾಕೆ ಹಾಕ್ತಾರೆ? ಫೋರ್ಡ್‌ನದ್ದು ಸಿಗೋದಿಲ್ಲ ಅಂತಲ್ಲ ಅಲ್ವಾ?

ಕಾವೇರಿ_ಟೆಕ್ಸಸ್ | ಜನವರಿ 13

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನನ್ನದು 1936ರ ಕೂಪೆ, ಒಳಗೆ ಪೂರ್ತಿ ಫೋರ್ಡ್. ಆರು ವರ್ಷದ ಕೆಲಸ.

ಶೆವ್ರೊಲೆ ಸಣ್ಣ ವಿ8 ಬಂದದ್ದು 1955ರಲ್ಲಿ. ಲೆಕ್ಕವಿಲ್ಲದಷ್ಟು ತಯಾರಾಯಿತು. ಯಾವ ಗುಜರಿಗೆ ಹೋದರೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ದುಡ್ಡು ಮಾತ್ರ ಕಾರಣ ಅಲ್ಲ. ಅದರ ಆಯಿಲ್ ಸಂಪಿನ (ಎಂಜಿನ್ ಅಡಿಯ ಎಣ್ಣೆ ತಟ್ಟೆಯ) ಗುಂಡಿ ಹಿಂದೆ ಇದೆ. ಹಾಗಾಗಿ ಹಳೇ ಫೋರ್ಡಿನ ಮುಂದಿನ ಅಡ್ಡಪಟ್ಟಿಗೆ ತಾಗುವುದಿಲ್ಲ. ಫೋರ್ಡ್ 289, 302 ಎಂಜಿನ್‌ಗಳು 1960, 70ರ ಕಾರುಗಳಲ್ಲಿ ಬಂದಾಗ ಸಂಪಿನ ಗುಂಡಿ ಮುಂದೆ ಇತ್ತು. ಅದು ಸರಿಯಾಗಿ ಅಡ್ಡಪಟ್ಟಿಯ ಮೇಲೇ ಬಂದು ಕೂರುತ್ತದೆ. ವಾಟರ್ ಪಂಪ್ ಬೇರೆ ಉದ್ದ, ರೇಡಿಯೇಟರ್‌ಗೆ ಮುತ್ತಿಡುವಷ್ಟು ಹತ್ತಿರ ಬರುತ್ತದೆ.

ಇದಕ್ಕೆಲ್ಲ ಪರಿಹಾರ ಇದೆ. ಗುಂಡಿ ಹಿಂದಿರುವ ಸಂಪ್ ಸಿಗುತ್ತದೆ. ಅದರ ಜೊತೆ ಎಣ್ಣೆ ಹೀರುವ ಕೊಳವೆಯನ್ನೂ ಬದಲಿಸಲೇಬೇಕು, ಮರೆಯಬೇಡಿ. ಫೋರ್ಡ್‌ನಲ್ಲಿ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಸಾಧನ) ಮುಂದೆ ಇರುವುದು ನಮಗೆ ಒಂದು ಲಾಭ. ಶೆವ್ರೊಲೆಯಲ್ಲಿ ಅದು ಹಿಂದೆ ಇರುವುದರಿಂದ ಎಂಜಿನ್ ಹಿಂದಿನ ತಗಡು ಗೋಡೆಯನ್ನು ಎಷ್ಟೋ ಜನ ಕತ್ತರಿಸಿ ಒಳಗೆ ತಳ್ಳುತ್ತಾರೆ. 1940ರ ಆ ಗೋಡೆ ಚೆಂದ. ಉಳಿಸಿಕೊಳ್ಳಿ.

ಈಗ ನನ್ನ ಕಥೆ. ಇದನ್ನು ಓದಿದರೆ ನಿಮ್ಮ ನಾಲ್ಕು ತಿಂಗಳು ಉಳಿಯುತ್ತದೆ.

ನಾನು 1989ರ ಮಸ್ಟಾಂಗ್‌ನ 5.0 ಎಂಜಿನ್ ತಂದೆ. ಅದೂ 302ರ ಪೈಕಿಯೇ. ಗೇರ್‌ಬಾಕ್ಸ್ ಸಿ4 ಅನ್ನುವ ಆಟೊಮ್ಯಾಟಿಕ್, 1972ರ ಫೋರ್ಡ್‌ನದ್ದು. ಅದರ ಜೊತೆ ಅದರದ್ದೇ ಫ್ಲೆಕ್ಸ್‌ಪ್ಲೇಟ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ತೆಳು ಚಕ್ರ) ಬಂದಿತ್ತು. ಗುಜರಿಯವರು ಹೇಳಿದ್ದು, "302 ಅಂದರೆ 302, ಯಾವುದಕ್ಕೆ ಯಾವುದಾದರೂ ಆಗುತ್ತದೆ." ಬೋಲ್ಟ್ ಎಲ್ಲ ಸರಿಯಾಗಿ ಕೂತವು. ಎಂಜಿನ್ ಸ್ಟಾರ್ಟ್ ಆಯಿತು. ಐಡಲ್‌ನಲ್ಲಿ ಸಣ್ಣ ನಡುಕ. 2000 ಆರ್‌ಪಿಎಂ ದಾಟಿದರೆ ಕನ್ನಡಿಯಲ್ಲಿ ಏನೂ ಕಾಣದಷ್ಟು ನಡುಕ. ಎಂಜಿನ್ ರಬ್ಬರ್ ಬದಲಿಸಿದೆ. ಜಾಯಿಂಟ್ ಶಾಫ್ಟ್ ಎರಡು ಸಲ ಬ್ಯಾಲೆನ್ಸ್ ಮಾಡಿಸಿದೆ. ಚಕ್ರ ಮಾಡಿಸಿದೆ. ಗಾಡಿ ನಿಂತಿರುವಾಗಲೂ ನಡುಗುತ್ತದೆ ಅಂದರೆ ಶಾಫ್ಟ್‌ದಾಗಲಿ ಚಕ್ರದ್ದಾಗಲಿ ತಪ್ಪಲ್ಲ ಅನ್ನುವುದು ಆಗ ಹೊಳೆಯಲೇ ಇಲ್ಲ.

ಕೊನೆಗೆ ಗೊತ್ತಾಯಿತು, ತಪ್ಪು ಬ್ಯಾಲೆನ್ಸ್ ಭಾರದ್ದು. 1980ರ ತನಕದ 302ಗೆ 28 ಔನ್ಸ್ ಲೆಕ್ಕ. 1981ರ ಹೊತ್ತಿಗೆ ಅದು 50 ಔನ್ಸ್ ಆಯಿತು. ನನ್ನ ಎಂಜಿನ್ 50ರದ್ದು. ಹಿಂದೆ ಹಾಕಿದ್ದು 28ರದ್ದು. ಎಂಜಿನ್ ಪೂರ್ತಿ ಇಳಿಸಿ ಸರಿ ಮಾಡಿದೆ.

ಪೀಣ್ಯ_ಲೇಥ್ | ಜನವರಿ 13

ಅಕ್ಕ, ಈ ಔನ್ಸ್ ಲೆಕ್ಕ ಎಲ್ಲರಿಗೂ ಅರ್ಥವಾಗಲಿ ಅಂತ ಎರಡು ಸಾಲು ಸೇರಿಸುತ್ತೇನೆ. ನಾನು ಪೀಣ್ಯದಲ್ಲಿ ಲೇಥ್ ಕೆಲಸ ಮಾಡುವವನು.

ಪಿಸ್ಟನ್, ಕನೆಕ್ಟಿಂಗ್ ರಾಡ್ ತೂಕವನ್ನು ಸರಿದೂಗಿಸಲು ಕ್ರ್ಯಾಂಕಿನಲ್ಲಿ ಎದುರು ಭಾರ ಇರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಅದು ಪೂರ್ತಿ ಕ್ರ್ಯಾಂಕಿನಲ್ಲೇ ಇರುತ್ತದೆ. ಫೋರ್ಡ್ 302ರಲ್ಲಿ ಸ್ವಲ್ಪ ಭಾಗ ಹೊರಗಿದೆ. ಮುಂದಿನ ಪುಲ್ಲಿ ಹಿಂದೆ ಇರುವ ಬ್ಯಾಲೆನ್ಸರ್‌ನಲ್ಲಿ ಒಂದಿಷ್ಟು, ಹಿಂದೆ ಫ್ಲೈವೀಲ್ ಅಥವಾ ಫ್ಲೆಕ್ಸ್‌ಪ್ಲೇಟ್‌ನಲ್ಲಿ ಒಂದಿಷ್ಟು. ಕ್ರ್ಯಾಂಕ್, ಬ್ಯಾಲೆನ್ಸರ್, ಫ್ಲೈವೀಲ್ ಮೂರೂ ಒಂದೇ ಲೆಕ್ಕದವು ಆಗಿರಬೇಕು. ಒಂದು ತಪ್ಪಿದರೂ ತಕ್ಕಡಿಯ ಒಂದು ಕಡೆ ಕಲ್ಲು ಇಟ್ಟು ತಿರುಗಿಸಿದ ಹಾಗೆ. ಹಾಗೇ ಓಡಿಸಿದರೆ ಬೇರಿಂಗ್ ತಿಂದುಹಾಕುತ್ತದೆ.

ಬೋಲ್ಟ್ ಕೂತಿತು ಅಂದ ಮಾತ್ರಕ್ಕೆ ಜೋಡಿ ಸರಿ ಅಲ್ಲ. ನಮ್ಮ ಅಂಗಡಿಯಲ್ಲಿ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಮಲ್ನಾಡ್_ಮಿಶಿಗನ್ | ಜನವರಿ 14

ಇದು ನನಗೆ ಗೊತ್ತೇ ಇರಲಿಲ್ಲ. ಕಂಪನಿ ಒಂದೇ ಆದರೆ ಕೆಲಸ ಸಲೀಸು ಅಂದುಕೊಂಡಿದ್ದೆ. ಕಾವೇರಿ ಮೇಡಂ, ಇಂಥವು ಇನ್ನೂ ಇವೆಯಾ?

ಕಾವೇರಿ_ಟೆಕ್ಸಸ್ | ಜನವರಿ 14

ಇವೆ. ನೆನಪಿಗೆ ಬಂದಷ್ಟು ಹೇಳುತ್ತೇನೆ.

1964ರ ತನಕದ ಸಣ್ಣ ವಿ8 ಬ್ಲಾಕಿನ ಹಿಂದೆ ಗೇರ್‌ಬಾಕ್ಸ್ ಹಿಡಿಯಲು 5 ಬೋಲ್ಟ್. 1965ರಿಂದ 6. ಅಗ್ಗಕ್ಕೆ ಸಿಕ್ಕಿತು ಅಂತ ಹಳೇ 289 ತಂದರೆ ನಿಮ್ಮ ಗೇರ್‌ಬಾಕ್ಸ್ ಕೂರುವುದಿಲ್ಲ.

ಹಳೇ 302ರ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಹತ್ತುವ ಸರದಿ) 1-5-4-2-6-3-7-8. ಆಮೇಲಿನ ಎಚ್‌ಒ (ಹೆಚ್ಚು ಶಕ್ತಿಯ 302) ಮತ್ತು ಎಕ್ಸ್‌ಪ್ಲೋರರ್ (ಫೋರ್ಡ್‌ನ ಎಸ್‌ಯುವಿ) ಎಂಜಿನ್‌ದು 1-3-7-2-6-5-4-8. ಹಳೇ ಪುಸ್ತಕ ನೋಡಿಕೊಂಡು ಪ್ಲಗ್ ವೈರ್ ಹಾಕಿದರೆ ಸೈಲೆನ್ಸರ್‌ನಲ್ಲಿ ಪಟಾಕಿ.

ರೋಲರ್ ಕ್ಯಾಮ್ ಇರುವ 5.0ಗೆ ಹಳೇ ಡಿಸ್ಟ್ರಿಬ್ಯೂಟರ್ ಹಾಕಬೇಡಿ. ಅದರ ಗೇರ್ ಬೀಡುಕಬ್ಬಿಣದ್ದು, ಕ್ಯಾಮ್ ಉಕ್ಕಿನದ್ದು. ಬೀಡು ಸವೆದು ಪುಡಿಯಾಗಿ ಎಣ್ಣೆಗೆ ಸೇರುತ್ತದೆ. ಉಕ್ಕಿನ ಗೇರ್ ಇರುವುದನ್ನೇ ಕೇಳಿ ತಗೊಳ್ಳಿ.

ಇನ್ನು ನನ್ನ ಮುಖ್ಯ ಸಲಹೆ. ಬಿಡಿ ಬಿಡಿಯಾಗಿ ತರಬೇಡಿ. 1996ರಿಂದ 2001ರ ಒಳಗಿನ ಒಂದು ವಿ8 ಎಕ್ಸ್‌ಪ್ಲೋರರ್ ಇಡೀ ಗಾಡಿ ತಗೊಳ್ಳಿ, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್ ಇರುವುದು. ಎಂಜಿನ್, 4ಆರ್70ಡಬ್ಲ್ಯೂ ಗೇರ್‌ಬಾಕ್ಸ್, ಕಂಪ್ಯೂಟರ್, ವೈರಿಂಗ್, ಹಿಂದಿನ ಆಕ್ಸಲ್ ಎಲ್ಲ ಅದರಲ್ಲೇ ಇದೆ. ಒಂದೇ ಗಾಡಿಯಲ್ಲಿ ಒಟ್ಟಿಗೆ ಓಡಿದ ಸಾಮಾನು. ಔನ್ಸ್ ಜಗಳ ಇಲ್ಲ. ಅದರ ವಾಟರ್ ಪಂಪ್, ಬೆಲ್ಟ್ ಸಾಲು ಮಸ್ಟಾಂಗ್‌ದಕ್ಕಿಂತ ಗಿಡ್ಡ. 1940ರ ಮೂಗಿನಲ್ಲಿ ಪ್ರತಿ ಇಂಚಿಗೂ ಬೆಲೆ ಇದೆ.

ಒಂದು ಎಚ್ಚರ. 1997ರ ಮಧ್ಯದಿಂದ ಅದರಲ್ಲಿ ಜಿಟಿ40ಪಿ ಹೆಡ್ ಬಂತು. ಅದರ ಪ್ಲಗ್ ಬೇರೆ ಕೋನದಲ್ಲಿದೆ. ಮಾಮೂಲಿ 302ರ ಹೆಡರ್ ಪೈಪು (ಎಂಜಿನ್ನಿನಿಂದ ಹೊಗೆ ಒಯ್ಯುವ ಪೈಪು) ಪ್ಲಗ್ ವೈರನ್ನು ಸುಟ್ಟುಹಾಕುತ್ತದೆ.

ಮಲ್ನಾಡ್_ಮಿಶಿಗನ್ | ಫೆಬ್ರವರಿ 22

ಸಿಕ್ಕಿತು! 1998ರ ಎಕ್ಸ್‌ಪ್ಲೋರರ್. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಅದರಿಂದ ಚಾಸಿ ಪೂರ್ತಿ ಕೊಳೆತಿದೆ. ಎಂಜಿನ್ ಮಾತ್ರ ಹಾಲು ಕುಡಿದ ಹಾಗೆ ಸದ್ದಿಲ್ಲದೆ ಓಡುತ್ತದೆ. ಬ್ಯಾಲೆನ್ಸರ್‌ನಿಂದ ಫ್ಲೆಕ್ಸ್‌ಪ್ಲೇಟ್ ತನಕ ಏನನ್ನೂ ಬಿಚ್ಚದೆ ಹಾಗೇ ಇಳಿಸಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೇನೆ.

ಈಗ ಹಿಂದಿನ ಆಕ್ಸಲ್. ಅಳೆದರೆ 59.5 ಇಂಚು ಅಗಲ. ಪಿನಿಯನ್ (ಜಾಯಿಂಟ್ ಶಾಫ್ಟ್ ಬಂದು ಸೇರುವ ಗೇರ್) ನಡುವೆ ಇಲ್ಲ, ಬಲಕ್ಕೆ ಸರಿದಿದೆ. ನನ್ನ ಮಡ್‌ಗಾರ್ಡ್ ಒಳಗೆ ಇಷ್ಟು ಅಗಲ ಹಿಡಿಯುವುದಿಲ್ಲ.

ಓಹಾಯೋ_ಫ್ಲಾಟ್‌ಹೆಡ್ | ಫೆಬ್ರವರಿ 23

ಅದಕ್ಕೆ ಸುಲಭ ದಾರಿ ಇದೆ. ಎಡಗಡೆಯ ಟ್ಯೂಬ್ ಉದ್ದ, ಬಲದ್ದು ಗಿಡ್ಡ. ಎಡದ ಟ್ಯೂಬನ್ನು ಸುಮಾರು ಮೂರು ಇಂಚು ಕತ್ತರಿಸಿ ಬೆಸೆಯಿರಿ. ಆಮೇಲೆ ಇನ್ನೊಂದು ಎಕ್ಸ್‌ಪ್ಲೋರರ್‌ನಿಂದ ಬಲಗಡೆಯ ಗಿಡ್ಡ ಶಾಫ್ಟ್ ತಂದು ಎಡಕ್ಕೂ ಅದನ್ನೇ ಹಾಕಿ. ಅಗಲ 56.5 ಇಂಚಿನ ಆಸುಪಾಸಿಗೆ ಬರುತ್ತದೆ, ಪಿನಿಯನ್ ನಡುವಿಗೆ ಬರುತ್ತದೆ. ಹೊಸ ಶಾಫ್ಟ್ ಮಾಡಿಸುವ ಖರ್ಚಿಲ್ಲ. ಬೆಸುಗೆ ಮಾತ್ರ ಜಿಗ್ ಇರುವವರ ಹತ್ತಿರವೇ ಮಾಡಿಸಿ. ಟ್ಯೂಬ್ ಕೂದಲಷ್ಟು ಓರೆಯಾದರೂ ಬೇರಿಂಗ್ ಉಳಿಯುವುದಿಲ್ಲ.

ಕ್ರೌನ್ ಪಿನಿಯನ್ ಅನುಪಾತ ಎಷ್ಟು? 3.73 ಇದ್ದರೆ ಬದಲಿಸಬೇಡಿ. ನಿಮ್ಮ ಗೇರ್‌ಬಾಕ್ಸಿನ ಓವರ್‌ಡ್ರೈವ್ 0.70. ಟೈರ್ 28 ಇಂಚು ಎತ್ತರ ಅಂದುಕೊಂಡರೆ, 65 ಮೈಲಿ ವೇಗದಲ್ಲಿ ಎಂಜಿನ್ 2050 ಆರ್‌ಪಿಎಂ ಹತ್ತಿರ ತಿರುಗುತ್ತದೆ. ಓವರ್‌ಡ್ರೈವ್ ಇಲ್ಲದಿದ್ದರೆ 2900. ಲೂಯಿವಿಲ್ ತನಕ ಹೋಗುವವರಿಗೆ ಇದು ದೊಡ್ಡ ವ್ಯತ್ಯಾಸ.

ಮಲ್ನಾಡ್_ಮಿಶಿಗನ್ | ಮಾರ್ಚ್ 2

3.73. ಹಾಗೇ ಇಡುತ್ತೇನೆ. ಹಿಂದೆ ಅಡ್ಡ ಲೀಫ್ ಸ್ಪ್ರಿಂಗ್ ತೆಗೆದು, ಉದ್ದಕ್ಕೆ ಎರಡು ಲೀಫ್ ಸ್ಪ್ರಿಂಗ್ ಹಾಕುವುದು ಅಂತ ನಿರ್ಧಾರವಾಗಿದೆ.

ಮುಂದಿನ ಸಸ್ಪೆನ್ಷನ್ ಬಗ್ಗೆ ತಲೆ ಕೆಟ್ಟಿದೆ. ಹಳೇ ಐ-ಬೀಮ್ ಆಕ್ಸಲ್ (ಎರಡು ಚಕ್ರಕ್ಕೂ ಒಂದೇ ಗಟ್ಟಿ ಅಡ್ಡದಂಡ) ಇಟ್ಟುಕೊಳ್ಳಲಾ, ಫೋರ್ಡ್ ಮಸ್ಟಾಂಗ್ 2ರದ್ದು ಹಾಕಲಾ?

ಓಹಾಯೋ_ಫ್ಲಾಟ್‌ಹೆಡ್ | ಮಾರ್ಚ್ 2

ಐ-ಬೀಮ್ ಇಟ್ಟುಕೊಳ್ಳಿ ಅನ್ನುತ್ತೇನೆ. ಬುಷ್, ಕಿಂಗ್‌ಪಿನ್ ಹೊಸದು ಹಾಕಿದರೆ ಈ ಗಾಡಿ ನೇರ ಓಡುತ್ತದೆ. ಕೆಳಗೆ ಬಗ್ಗಿ ನೋಡಿದವರಿಗೂ ಫೋರ್ಡ್ ಕಾಣುತ್ತದೆ.

ಕಾವೇರಿ_ಟೆಕ್ಸಸ್ | ಮಾರ್ಚ್ 3

ನಾನು ಇದನ್ನು ಒಪ್ಪುವುದಿಲ್ಲ ಸರ್. ಮಕ್ಕಳನ್ನು ಕೂರಿಸಿಕೊಂಡು ಹೈವೇಯಲ್ಲಿ 65ರಲ್ಲಿ ಹೋಗುವ ಗಾಡಿ ಇದು. 1974ರಿಂದ 78ರ ಮಸ್ಟಾಂಗ್ 2 ಸಸ್ಪೆನ್ಷನ್‌ನಲ್ಲಿ ಎರಡು ಚಕ್ರ ಬೇರೆ ಬೇರೆ ಆಡುತ್ತವೆ, ರ‍್ಯಾಕ್ ಸ್ಟೀರಿಂಗ್ ಬರುತ್ತದೆ. ಹಳೇ ಸ್ಟೀರಿಂಗ್ ಬಾಕ್ಸ್ ಹೋದರೆ ಎಡಗಡೆಯ ಹೆಡರ್‌ಗೂ ಜಾಗ ಸಿಗುತ್ತದೆ.

ಆದರೆ ಕಿಟ್ ತಗೊಳ್ಳುವಾಗ ನೋಡಿ. ಮಸ್ಟಾಂಗ್ 2ರ ಡಿಸ್ಕ್ ಚಿಕ್ಕದು. ಅದಕ್ಕೆ ಫೋರ್ಡ್ ಗ್ರಾನಾಡಾದ 11 ಇಂಚಿನ ಡಿಸ್ಕ್ ಹಾಕುವುದು ರೂಢಿ. ಅಲ್ಲಿಯವರೆಗೆ ನಿಮ್ಮ ನಿಯಮ ಉಳಿಯುತ್ತದೆ. ಆದರೆ ಆ ಕಿಟ್‌ಗಳಲ್ಲಿ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) ಜಾಸ್ತಿ ಕಡೆ ಶೆವ್ರೊಲೆಯ ಕಂಪನಿ ಜಿಎಂನದ್ದೇ ಬರುತ್ತದೆ. ಹಾಗೇ ಐ-ಬೀಮ್‌ಗೆ ಜನ ಹಾಕುವ ಸ್ಟೀರಿಂಗ್ ಬಾಕ್ಸ್ ಹೆಚ್ಚಾಗಿ ಶೆವ್ರೊಲೆ ವೇಗಾದ್ದು. ನಾನು ಇದನ್ನು ಗಮನಿಸಿದ್ದು ಬಹಳ ತಡವಾಗಿ.

ಮಲ್ನಾಡ್_ಮಿಶಿಗನ್ | ಮಾರ್ಚ್ 3

ಮರ್ಕ್ಯುರಿ, ಲಿಂಕನ್ ಸಾಮಾನು ಹಾಕಿದರೆ? ಅದು ಫೋರ್ಡ್ ಅನ್ನಿಸಿಕೊಳ್ಳುತ್ತದಾ?

ಓಹಾಯೋ_ಫ್ಲಾಟ್‌ಹೆಡ್ | ಮಾರ್ಚ್ 4

ಒಂದೇ ಮನೆಯ ಅಣ್ಣ ತಮ್ಮಂದಿರು. 1940ರ ದಶಕದ ಹುಡುಗರೇ ಫೋರ್ಡ್‌ಗೆ ಮರ್ಕ್ಯುರಿ ಕ್ರ್ಯಾಂಕ್, ಲಿಂಕನ್ ಝೆಫೈರ್ ಗೇರು, ಲಿಂಕನ್ ಬ್ರೇಕ್ ಹಾಕಿಕೊಳ್ಳುತ್ತಿದ್ದರು. ಧೈರ್ಯವಾಗಿ ಹಾಕಿ.

ಹುಬ್ಬಳ್ಳಿ_ಬೋಲ್ಟು | ಮಾರ್ಚ್ 5

ಬ್ರೇಕ್ ಅಂದ್ರೆ ನಾನು ಸುಮ್ನೆ ಕೂರಾಕ ಆಗಲ್ಲ ಸರ. 1940ರ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ ಕಾಲಡಿಯ ನೆಲದ ಕೆಳಗೆ ಇರ್ತದ. ಹೊಸದನ್ನೂ ಅಲ್ಲೇ ಇಟ್ಟರೆ ಅದು ಕ್ಯಾಲಿಪರ್‌ಗಿಂತ ತಗ್ಗಿನಲ್ಲಿ ಬರುತ್ತದೆ. ಗಾಡಿ ನಿಂತಾಗ ಬ್ರೇಕ್ ಆಯಿಲ್ ಮೆಲ್ಲಗೆ ವಾಪಸ್ ಇಳಿದುಬರುತ್ತದೆ. ಬೆಳಿಗ್ಗೆ ಪೆಡಲ್ ಒತ್ತಿದರೆ ಮೊದಲ ಸಲ ನೆಲಕ್ಕೆ ಹೋಗುತ್ತದೆ. ಇದಕ್ಕೆ ಪೈಪಿನ ನಡುವೆ ಒತ್ತಡ ಹಿಡಿದಿಡುವ ಸಣ್ಣ ವಾಲ್ವ್ ಬರುತ್ತದೆ. ಡಿಸ್ಕ್‌ಗೆ 2 ಪಿಎಸ್‌ಐ, ಡ್ರಮ್‌ಗೆ 10. ನಿಮ್ಮ ನಾಲ್ಕೂ ಚಕ್ರ ಡಿಸ್ಕ್, ಹಾಗಾಗಿ ಎರಡೂ ಕಡೆ 2. ತಪ್ಪಿ 10ರದ್ದು ಹಾಕಿದರೆ ಬ್ರೇಕ್ ಹಿಡಿದೇ ಇರುತ್ತದೆ, ಡಿಸ್ಕ್ ಕೆಂಪಗಾಗುತ್ತದೆ.

ಮುಂದೆ ಹಿಂದೆ ಬೇರೆ ಬೇರೆ ಲೈನ್ ಇರುವ ಡಬಲ್ ಮಾಸ್ಟರ್ ಸಿಲಿಂಡರ್ ಹಾಕಿ. ಹಳೇದರಲ್ಲಿ ಒಂದೇ ಲೈನ್. ಎಲ್ಲೋ ಒಂದು ಕಡೆ ಒಡೆದರೆ ನಾಲ್ಕೂ ಹೋಗುತ್ತವೆ.

ಪೀಣ್ಯ_ಲೇಥ್ | ಮಾರ್ಚ್ 9

ಈ ಚರ್ಚೆ ಓದಿ ಓದಿ ನನಗೂ ಒಂದು ಆಸೆ ಹುಟ್ಟಿದೆ. ಹಾಸನದ ಹತ್ತಿರ ನಮ್ಮ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ 1938ರ ಫೋರ್ಡ್ ಒಂದಿದೆ. ನಾನು ಹುಟ್ಟುವ ಮೊದಲೇ ನಿಂತದ್ದು. ಮೇಲೆ ಗೋಣಿಚೀಲ, ಅಡಿಕೆ ಹಾಳೆ. ಆರ್‌ಸಿ ಪುಸ್ತಕ ಇದೆ. ಇದಕ್ಕೂ ಹೊಸ ಫೋರ್ಡ್ ಎಂಜಿನ್ ಹಾಕಿ ಬೆಂಗಳೂರಿನಲ್ಲಿ ಓಡಿಸಬಹುದಾ?

ಕಾವೇರಿ_ಟೆಕ್ಸಸ್ | ಮಾರ್ಚ್ 9

ತಮ್ಮಾ, ದಯವಿಟ್ಟು ಅದನ್ನು ಕತ್ತರಿಸಬೇಡ.

ಓಹಾಯೋ_ಫ್ಲಾಟ್‌ಹೆಡ್ | ಮಾರ್ಚ್ 9

ನಾನೂ ಅದನ್ನೇ ಹೇಳುತ್ತೇನೆ. ಕಾರಣ ಕೇಳಿ. ಇಲ್ಲಿ 1940ರ ಕೂಪೆಯ ಬಾಡಿಯನ್ನು ಈಗಲೂ ಹೊಸದಾಗಿ ಉಕ್ಕಿನಲ್ಲೇ ಮಾಡಿ ಮಾರುತ್ತಾರೆ. ಒಂದು ಹಾಳಾದರೆ ಇನ್ನೊಂದು ತರಬಹುದು. ಭಾರತದ ಕಥೆ ಬೇರೆ. ಅಲ್ಲಿ ಫೋರ್ಡ್ 1926ರಲ್ಲಿ ಕೆನಡಾ ಫೋರ್ಡ್‌ನ ಅಂಗಸಂಸ್ಥೆಯಾಗಿ ಬಂದು, 1954ರಲ್ಲಿ ಬಾಗಿಲು ಹಾಕಿತು. ಬಲಗಡೆ ಸ್ಟೀರಿಂಗ್ ಇರುವ, ಒಂದೇ ಮನೆಯಲ್ಲಿ ಉಳಿದ, ಕಾಗದಪತ್ರ ಇರುವ 1938ರ ಫೋರ್ಡ್ ಇನ್ನೊಂದು ಎಲ್ಲಿ ಸಿಗುತ್ತದೆ?

ಕಾನೂನೂ ಒಪ್ಪುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಿಷಯ ಅದು. ಆದರೆ ಹಾಗೇ ಉಳಿಸಿಕೊಂಡರೆ ನಿಮಗೆ ಲಾಭ ಇದೆ. 2021ರಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಬಂತು. 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಆಗ ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ ಸಿಗುತ್ತದೆ. ಪ್ರದರ್ಶನ, ರ‍್ಯಾಲಿ ಇಂಥವಕ್ಕೆ ರಸ್ತೆಗೆ ತರಬಹುದು, ದಿನಾ ಓಡಿಸುವ ಹಾಗಿಲ್ಲ.

ಪೀಣ್ಯ_ಲೇಥ್ | ಮಾರ್ಚ್ 10

ಅರ್ಥವಾಯಿತು. ಅಮ್ಮನಿಗೂ ಹೇಳಿದೆ. "ಅಪ್ಪ ಹೇಗೆ ಬಿಟ್ಟಿದ್ದರೋ ಹಾಗೇ ಇರಲಿ" ಅಂದರು. ಶನಿವಾರ ಊರಿಗೆ ಹೋಗಿ ಬಾನೆಟ್ ತೆಗೆದು ನೋಡುತ್ತೇನೆ.

ಮಲ್ನಾಡ್_ಮಿಶಿಗನ್ | ಜೂನ್ 28

ತಡವಾಯಿತು, ಕ್ಷಮಿಸಿ. ಮಸ್ಟಾಂಗ್ 2 ಸಸ್ಪೆನ್ಷನ್ ಹಾಕಿದೆ. ಫೋರ್ಡ್ ಕ್ಯಾಲಿಪರ್ ಹುಡುಕಲು ಐದು ವಾರ ಹಿಡಿಯಿತು, ಸಿಕ್ಕಿತು. ಹಿಂದಿನವರ ಶೆವ್ರೊಲೆ ಬ್ರಾಕೆಟ್ ಗ್ರೈಂಡ್ ಮಾಡಿ ತೆಗೆದೆ. ಹಿಂದೆ ಗುಂಡಿ ಇರುವ ಸಂಪ್ ಹಾಕಿ ಎಂಜಿನ್ ಇಳಿಸಿದರೆ ಅಡ್ಡಪಟ್ಟಿಗೂ ಸಂಪಿಗೂ ನಡುವೆ ನನ್ನ ಎರಡು ಬೆರಳು ಹೋಗುವಷ್ಟು ಜಾಗ. ಹಿಂದಿನ ತಗಡು ಗೋಡೆಗೆ ಗರಗಸ ಮುಟ್ಟಿಸಲಿಲ್ಲ.

ಹಳೇ ವೈರಿಂಗ್ 6 ವೋಲ್ಟ್, ಅದೂ ಪಾಸಿಟಿವ್ ಅರ್ಥ್. ಪೂರ್ತಿ ಕಿತ್ತು 12 ವೋಲ್ಟ್ ಎಳೆದೆ. ಮೀಟರ್‌ಗಳು ಮಾತ್ರ 1940ರವೇ, ಅವಕ್ಕೆ ವೋಲ್ಟೇಜ್ ಇಳಿಸುವ ತುಂಡು ಹಾಕಿದ್ದೇನೆ.

ನಿನ್ನೆ ಸಂಜೆ ಸ್ಟಾರ್ಟ್ ಮಾಡಿದೆವು. ಮಗಳು ಕೀ ತಿರುಗಿಸಿದಳು. ಎರಡನೇ ಸಲಕ್ಕೆ ಹಿಡಿಯಿತು. ರೇಡಿಯೇಟರ್ ಮುಚ್ಚಳದ ಮೇಲೆ ಒಂದು ಲೋಟ ನೀರು ಇಟ್ಟೆ, ಕಾವೇರಿ ಮೇಡಂ. 2000 ಆರ್‌ಪಿಎಂ ತನಕ ಏರಿಸಿದರೂ ಒಂದು ಹನಿ ಚೆಲ್ಲಲಿಲ್ಲ.

ಕಾವೇರಿ_ಟೆಕ್ಸಸ್ | ಜೂನ್ 28

ಕಣ್ಣಲ್ಲಿ ನೀರು ಬಂತು. ಮಗಳಿಗೆ ನನ್ನ ಕಡೆಯಿಂದ ಒಂದು ಹೋಳಿಗೆ.

ಪೀಣ್ಯ_ಲೇಥ್ | ಜೂನ್ 30

ಬಹಳ ಖುಷಿಯಾಯಿತು ಅಣ್ಣ. ನನ್ನದೂ ಒಂದು ಸುದ್ದಿ. ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ಎಣ್ಣೆ ಬಿಟ್ಟು ಮೂರು ವಾರ ಇಟ್ಟಿದ್ದೆ. ನಿನ್ನೆ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿದರೆ ಕ್ರ್ಯಾಂಕ್ ಕಾಲು ಸುತ್ತು ತಿರುಗಿತು! ಹೆಡ್ ತೆಗೆಯಬೇಕು. ಗ್ಯಾಸ್ಕೆಟ್ ಇಲ್ಲಿ ಸಿಗುತ್ತಿಲ್ಲ.

ಮಲ್ನಾಡ್_ಮಿಶಿಗನ್ | ಜೂನ್ 30

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಸೂಟ್‌ಕೇಸಿನಲ್ಲಿ ಇಟ್ಟು ತರುತ್ತೇನೆ. 1938ರ ವಿ8ದ್ದೇ ತಾನೇ?

ಓಹಾಯೋ_ಫ್ಲಾಟ್‌ಹೆಡ್ | ಜುಲೈ 1

ತಡೆಯಿರಿ, ಈಗಲೇ ಕೊಳ್ಳಬೇಡಿ. 1938ರ ಗಾಡಿಗಳಲ್ಲಿ ಎರಡು ಥರ ಇವೆ. ಮೊದಲು ಬಂದದ್ದರಲ್ಲಿ ಒಂದೊಂದು ಹೆಡ್ಡಿಗೆ 21 ಸ್ಟಡ್ (ಹೆಡ್ ಬಿಗಿಯುವ ಬೋಲ್ಟ್). ಅದೇ ವರ್ಷದ ನಡುವೆ 24 ಆಯಿತು. 17 ಇದ್ದರೆ ಅದು 60 ಎಚ್‌ಪಿಯ ಚಿಕ್ಕ ಎಂಜಿನ್. ಒಂದರ ಗ್ಯಾಸ್ಕೆಟ್ ಇನ್ನೊಂದಕ್ಕೆ ಆಗುವುದಿಲ್ಲ. ಹೆಡ್ ಮೇಲಿನ ಮಣ್ಣು ಒರೆಸಿ ಎಣಿಸಿ ಹೇಳಿ.

ಪೀಣ್ಯ_ಲೇಥ್ | ಜುಲೈ 5

ಎಣಿಸಿದೆ ಸರ್. ಎರಡೂ ಕಡೆ, ಎರಡೆರಡು ಸಲ. ಅಮ್ಮನೂ ಟಾರ್ಚ್ ಹಿಡಿದುಕೊಂಡು ಎಣಿಸಿದರು. 24.